ಹಡಗಿನ ಉಗ್ರಾಣದಲ್ಲಿ ಮದ್ದು ಕಂಡ ವೈದ್ಯ: ತಕಾಕಿ ಕನೆಹಿರೊ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ಕೊರತೆಯ ಕಾಯಿಲೆಗಳ ಪಟ್ಟಿ ನಮ್ಮ ಶಾಲೆಯಲ್ಲಿ ಓದಿದ ಯಾರಿಗೂ ಮರೆತಿರಲಾರದು. ವಿಟಮಿನ್ ಎ ಕಡಿಮೆಯಾದರೆ ಇರುಳುಗುರುಡು, ಸಿ ಕಡಿಮೆಯಾದರೆ ಸ್ಕರ್ವಿ, ಡಿ ಕಡಿಮೆಯಾದರೆ ರಿಕೆಟ್ಸ್, ಬಿ1 ಕಡಿಮೆಯಾದರೆ ಬೆರಿಬೆರಿ. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಗೆ ಬೇಕಾಗುತ್ತದೆಂದು ನಾವೆಲ್ಲ ಇದನ್ನು ಉರು ಹೊಡೆದವರೇ. ಬೆರಿಬೆರಿ ಬಂದ ಮನುಷ್ಯನನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದ್ದರಿಂದ ಆ ಹೆಸರು ನಮಗೆ ಒಂದು ಅಂಕದ ಉತ್ತರವಾಗಿ ಮಾತ್ರ ಉಳಿಯಿತು.

ಜಪಾನಿನ ನೌಕಾಪಡೆಗೆ ಮಾತ್ರ ಒಂದು ಕಾಲದಲ್ಲಿ ಇದೇ ಕಾಯಿಲೆ ಶತ್ರುವಿನ ಫಿರಂಗಿಗಿಂತ ದೊಡ್ಡ ಭಯವಾಗಿತ್ತು. ಹಡಗುಗಳಿದ್ದವು, ತೋಪುಗಳಿದ್ದವು, ಕಲ್ಲಿದ್ದಲೂ ಇತ್ತು. ಆದರೆ ಹಡಗು ನಡೆಸುವ ನಾವಿಕರು ಕಾಲು ಊದಿಕೊಂಡು ಮಲಗಿರುತ್ತಿದ್ದರು. ಆ ಪಡೆಯನ್ನು ಎಬ್ಬಿಸಿ ನಿಲ್ಲಿಸಿದವರು ತಕಾಕಿ ಕನೆಹಿರೊ ಎಂಬ ವೈದ್ಯರು. ವಿಟಮಿನ್ ಎಂಬ ಪದ ಹುಟ್ಟುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಅವರು ಈ ಕೆಲಸ ಮಾಡಿದರು. ಹೊಸ ಔಷಧವನ್ನೇನೂ ಅವರು ಕಂಡುಹಿಡಿಯಲಿಲ್ಲ. ಹಡಗಿಗೆ ಯಾವ ದಿನಸಿ ಏರಬೇಕು, ಅದರ ಹಣ ಯಾರ ಕೈಗೆ ಹೋಗಬೇಕು ಎಂಬ ಆಡಳಿತದ ಪದ್ಧತಿಯನ್ನು ಬದಲಿಸಿದರು.

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ವೈದ್ಯನೂ ಅಲ್ಲ, ಇತಿಹಾಸಕಾರನೂ ಅಲ್ಲ. ಆದರೂ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸಿದಾಗ ಈ ವೈದ್ಯರ ಜೀವನವೇ ಸೂಕ್ತವೆನಿಸಿತು. ಅಕ್ಕಿ, ರಾಗಿ, ದಿನಸಿಗಳ ಮಾತು ನಮ್ಮ ಊರಿನವರಿಗೆ ಹೊಸತಲ್ಲ. ಲೆಕ್ಕದ ಪುಸ್ತಕವನ್ನು ಸರಿಯಾಗಿ ಇಡುವುದರಿಂದಲೂ ಜೀವ ಉಳಿಯುತ್ತದೆ ಎಂಬುದು ನಮ್ಮ ಮಕ್ಕಳಿಗೆ ತಿಳಿಯಲಿ ಎಂಬ ಆಸೆಯೂ ಇದೆ.

ಹಳ್ಳಿಯಿಂದ ಲಂಡನ್ನಿಗೆ

ತಕಾಕಿಯವರು ಹುಟ್ಟಿದ್ದು 1849ರಲ್ಲಿ, ಜಪಾನಿನ ದಕ್ಷಿಣದ ಕ್ಯೂಷು ದ್ವೀಪದ ಒಂದು ಹಳ್ಳಿಯಲ್ಲಿ. ಆ ಊರು ಈಗ ಮಿಯಾಝಾಕಿ ಪ್ರಾಂತ್ಯಕ್ಕೆ ಸೇರಿದೆ. ತಂದೆ ಸತ್ಸುಮಾ ಸಂಸ್ಥಾನದ ಕೆಳದರ್ಜೆಯ ಸಮುರಾಯ್. ಹೆಸರಿಗೆ ಯೋಧರ ಮನೆತನವಾದರೂ ಸಿರಿವಂತಿಕೆಯೇನೂ ಇರಲಿಲ್ಲ. ಹುಡುಗ ಹದಿನೇಳರ ವಯಸ್ಸಿನಲ್ಲಿ ವೈದ್ಯ ಕಲಿಯಲು ಕಾಗೊಷಿಮಾ ಪಟ್ಟಣಕ್ಕೆ ಹೋದ. 1868ರಲ್ಲಿ ಜಪಾನಿನಲ್ಲಿ ಅಂತರ್ಯುದ್ಧ ನಡೆದು ಮೇಜಿ ಚಕ್ರವರ್ತಿಯ ಆಳ್ವಿಕೆ ಶುರುವಾದಾಗ ಸತ್ಸುಮಾ ಪಡೆಯ ಜೊತೆ ವೈದ್ಯನಾಗಿ ನಡೆದ. ಗುಂಡೇಟು ಬಿದ್ದವರಿಗೆ ಪಾಶ್ಚಾತ್ಯ ವೈದ್ಯರು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ಮುಂದೆ ತಾನು ಕಲಿತದ್ದು ಎಷ್ಟು ಕಡಿಮೆ ಎಂಬುದು ರಣರಂಗದಲ್ಲೇ ಅವನಿಗೆ ತಿಳಿಯಿತು.

ಯುದ್ಧ ಮುಗಿದ ಮೇಲೆ ಕಾಗೊಷಿಮಾದಲ್ಲಿ ವಿಲಿಯಂ ವಿಲ್ಲಿಸ್ ಎಂಬ ಬ್ರಿಟಿಷ್ ವೈದ್ಯರು ವೈದ್ಯಶಾಲೆ ನಡೆಸುತ್ತಿದ್ದರು. ತಕಾಕಿಯವರು ಅವರ ಶಿಷ್ಯರಾದರು. 1872ರಲ್ಲಿ ನೌಕಾಪಡೆಗೆ ಸೇರಿದರು. ಆಗಿನ ಜಪಾನ್ ತನ್ನ ನೌಕಾಪಡೆಯನ್ನು ಬ್ರಿಟನ್ನಿನ ಮಾದರಿಯಲ್ಲಿ ಕಟ್ಟುತ್ತಿತ್ತು. ಹೀಗಾಗಿ 1875ರಲ್ಲಿ ಅವರನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಕಳುಹಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ದಾದಿಯರ ಶಾಲೆ ಇದ್ದದ್ದೂ ಅದೇ ಆಸ್ಪತ್ರೆಯಲ್ಲಿ. ಐದು ವರ್ಷ ಅಲ್ಲಿ ಓದಿ, ಬಹುಮಾನಗಳನ್ನೂ ಪದವಿಯನ್ನೂ ಪಡೆದು 1880ರಲ್ಲಿ ಊರಿಗೆ ಮರಳಿದರು. ಟೋಕಿಯೋ ನೌಕಾ ಆಸ್ಪತ್ರೆಯ ಹೊಣೆ ಅವರ ಹೆಗಲಿಗೆ ಬಂತು.

ಆಸ್ಪತ್ರೆಯ ಹಾಸಿಗೆಗಳ ತುಂಬ ಬೆರಿಬೆರಿ ರೋಗಿಗಳು. ಜಪಾನೀಯರು ಇದನ್ನು ಕಾಕ್ಕೆ ಎನ್ನುತ್ತಾರೆ. ಮೊದಲು ಕಾಲು ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತಲಾಗುವುದಿಲ್ಲ. ಕಾಲಿನಲ್ಲಿ ನೀರು ತುಂಬಿ ಊದುತ್ತದೆ. ಕೊನೆಗೆ ಹೃದಯ ಸೋಲುತ್ತದೆ. ನಿನ್ನೆ ಹಗ್ಗ ಎಳೆಯುತ್ತಿದ್ದ ಗಟ್ಟಿ ಹುಡುಗ ಇವತ್ತು ಉಸಿರಿಗೆ ಒದ್ದಾಡಿ ಸಾಯುತ್ತಿದ್ದ. ಬ್ರಿಟನ್ನಿನಲ್ಲಿ ಕಳೆದ ಐದು ವರ್ಷಗಳಲ್ಲಿ ತಕಾಕಿಯವರು ಈ ಕಾಯಿಲೆಯನ್ನು ಆಸ್ಪತ್ರೆಯ ದಿನನಿತ್ಯದ ಸಂಗತಿಯಾಗಿ ಕಂಡಿರಲಿಲ್ಲ. ಅದೇ ಬಗೆಯ ಹಡಗು, ಅದೇ ಬಗೆಯ ಶಿಸ್ತು ಇರುವಾಗ ಬ್ರಿಟಿಷ್ ನಾವಿಕರಿಗೆ ಬಾರದ ರೋಗ ಜಪಾನೀ ನಾವಿಕರಿಗೆ ಮಾತ್ರ ಏಕೆ ಬರುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

ಬಿಳಿ ಅನ್ನದ ಮರ್ಯಾದೆ

ನಮ್ಮ ಊರಿನ ಹಿರಿಯರಿಗೆ ಒಂದು ಮಾತು ಚೆನ್ನಾಗಿ ಗೊತ್ತಿದೆ. ದಿನವೂ ಮುದ್ದೆ, ಹಬ್ಬಕ್ಕೋ ನೆಂಟರು ಬಂದಾಗಲೋ ಅನ್ನ. ಮನೆಯಲ್ಲಿ ಅಕ್ಕಿ ಬೇಯುತ್ತಿದೆಯೆಂದರೆ ಅದೊಂದು ಮರ್ಯಾದೆಯ ಗುರುತು. ಅಕ್ಕಿಗೂ ರಾಗಿಗೂ ಜಗಳ ಬಂದು ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದ ಕನಕದಾಸರ ಕಥೆ ನಮ್ಮ ನಾಡಿನದೇ. ಜಪಾನಿನ ಹಳ್ಳಿಗಳಲ್ಲೂ ಹೀಗೆಯೇ ಇತ್ತು. ಬಡ ರೈತರು ಬಾರ್ಲಿ, ನವಣೆಯಂಥ ಕಿರುಧಾನ್ಯ, ಗೆಡ್ಡೆಗೆಣಸು ತಿಂದು ಬದುಕುತ್ತಿದ್ದರು. ತೌಡು ತೆಗೆದು ಮಲ್ಲಿಗೆಯಂತೆ ಬೆಳ್ಳಗೆ ಮಾಡಿದ ಅಕ್ಕಿ ಸಿರಿವಂತರ ಮತ್ತು ಪಟ್ಟಣದವರ ಊಟ. ಕಾಕ್ಕೆ ರೋಗವೂ ಮೊದಲಿಗೆ ಪಟ್ಟಣದವರನ್ನೇ ಹಿಡಿಯಿತು. ಆಗ ಎಡೊ ಎಂದು ಕರೆಯುತ್ತಿದ್ದ ಟೋಕಿಯೋ ನಗರದ ಹೆಸರನ್ನೇ ಜನ ಈ ರೋಗಕ್ಕೆ ಇಟ್ಟಿದ್ದರು. ಎಡೊಗೆ ಹೋಗಿ ಕಾಲು ಬಿದ್ದವನು ಹಳ್ಳಿಗೆ ಹಿಂತಿರುಗಿದರೆ ಗುಣವಾಗುತ್ತಾನೆ ಎಂಬುದೂ ಜನಕ್ಕೆ ಗೊತ್ತಿತ್ತು. ಏಕೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಹೊಸ ಸರ್ಕಾರ ಹಳ್ಳಿಯ ಹುಡುಗರನ್ನು ಪಡೆಗೆ ಸೇರಿಸಿಕೊಂಡಾಗ ಅವರಿಗೆ ಹೊಟ್ಟೆ ತುಂಬ ಬಿಳಿ ಅನ್ನ ಸಿಗುತ್ತಿತ್ತು. ಅದು ಪಡೆ ಸೇರುವುದರ ಒಂದು ಆಕರ್ಷಣೆ. ನೌಕಾಪಡೆಯಲ್ಲಿ ಇದರ ಮೇಲೆ ಇನ್ನೊಂದು ಪದ್ಧತಿಯೂ ಇತ್ತು. ಊಟದ ಬಾಬ್ತು ನಾವಿಕರಿಗೆ ಹಣ ಕೊಡುತ್ತಿದ್ದರು. ಆ ಹಣದಲ್ಲಿ ಮೀನು, ಮಾಂಸ, ಕಾಳು, ತರಕಾರಿ ಕೊಳ್ಳಬೇಕಿತ್ತು. ಹುಡುಗರು ಅನ್ನವನ್ನೇ ಹೆಚ್ಚು ತಿಂದು, ಉಪ್ಪಿನಕಾಯಿಯಂಥ ಅಗ್ಗದ ನಂಜಿಕೊಳ್ಳುವ ಪದಾರ್ಥದಲ್ಲಿ ದಿನ ತಳ್ಳಿ, ಮಿಕ್ಕ ಹಣವನ್ನು ಮನೆಗೆ ಕಳಿಸುತ್ತಿದ್ದರು. ಹೊರಗೆ ದುಡಿಯಲು ಹೋಗಿ ಹೊಟ್ಟೆ ಕಟ್ಟಿ ಊರಿಗೆ ಹಣ ಕಳಿಸಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಆ ನಾವಿಕರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಅವರು ಉಳಿಸುತ್ತಿದ್ದ ಕಾಸು ಅವರ ಪ್ರಾಣದಿಂದಲೇ ಕಳೆಯುತ್ತಿತ್ತು.

ತಕಾಕಿಯವರು ಸೂಕ್ಷ್ಮದರ್ಶಕ ಹಿಡಿದು ಕೂರದೆ ದಾಖಲೆಗಳನ್ನು ಮುಂದಿಟ್ಟುಕೊಂಡರು. ಯಾವ ಹಡಗಿನಲ್ಲಿ ಎಷ್ಟು ರೋಗಿಗಳು, ಯಾವ ತಿಂಗಳಲ್ಲಿ, ಯಾವ ದರ್ಜೆಯವರು, ಹಾಸಿಗೆ ಬಟ್ಟೆ ಹೇಗಿತ್ತು, ಊಟ ಏನು ಎಂದು ಒಂದೊಂದನ್ನೇ ಪರಿಶೀಲಿಸಿದರು. ಹವೆ, ತೇವ, ಬಟ್ಟೆ, ವಾಸದ ಜಾಗ ಇವುಗಳಲ್ಲಿ ಯಾವುದೂ ತಾಳೆಯಾಗಲಿಲ್ಲ. ತಾಳೆಯಾದದ್ದು ಊಟ ಒಂದೇ. ಒಳ್ಳೆಯ ಊಟ ಮಾಡುವ ಅಧಿಕಾರಿಗಳಲ್ಲಿ ರೋಗ ಅಪರೂಪ, ಸಾಮಾನ್ಯ ನಾವಿಕರಲ್ಲಿ ಧಾರಾಳ. ಹಡಗು ವಿದೇಶದ ಬಂದರಿನಲ್ಲಿ ನಿಂತು ಹುಡುಗರು ಅಲ್ಲಿಯ ಊಟ ಮಾಡಿದಷ್ಟು ದಿನ ರೋಗ ತಗ್ಗುತ್ತದೆ. ಸಮುದ್ರಕ್ಕೆ ಇಳಿದು ಅಕ್ಕಿಯ ಮೇಲೆ ನಿಂತರೆ ಮತ್ತೆ ಏರುತ್ತದೆ.

1882ರ ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. ನೌಕಾಪಡೆಯಲ್ಲಿ ಇದ್ದವರು 4,769 ಜನ. ಆ ವರ್ಷ ದಾಖಲಾದ ಬೆರಿಬೆರಿ ಪ್ರಕರಣಗಳು 1,929. ಸತ್ತವರು 51. ಅದೇ ವರ್ಷ ಕೊರಿಯಾದಲ್ಲಿ ದಂಗೆಯಾಗಿ, ಜಪಾನಿನ ಹಡಗುಗಳು ಅಲ್ಲಿ ಚೀನಾದ ಹಡಗುಗಳ ಎದುರು ನಿಲ್ಲಬೇಕಾಯಿತು. ಕಾದಾಟವಾಗದೆ ಆ ಪ್ರಸಂಗ ಕಳೆಯಿತು. ಆದರೆ ತೋಪಿನ ಬಳಿ ನಿಲ್ಲಬೇಕಾದವರಲ್ಲಿ ಅನೇಕರು ಕಾಕ್ಕೆಯಿಂದ ಮಲಗಿದ್ದರೆಂಬುದು ಅಧಿಕಾರಿಗಳಿಗೆ ತಿಳಿದಿತ್ತು.

ಎರಡು ಹಡಗು, ಒಂದೇ ದಾರಿ

1882ರ ಡಿಸೆಂಬರಿನಲ್ಲಿ ರ್ಯೂಜೊ ಎಂಬ ತರಬೇತಿ ಹಡಗು ದೂರ ಪ್ರಯಾಣ ಹೊರಟಿತು. ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಪಶ್ಚಿಮ ತೀರ, ಅಲ್ಲಿಂದ ಹವಾಯಿಯ ಹೊನೊಲುಲು, ಕೊನೆಗೆ ಜಪಾನ್. ಒಟ್ಟು 272 ದಿನ. ಹಡಗಿನಲ್ಲಿ 376 ಜನ. ಅವರಲ್ಲಿ 169 ಮಂದಿಗೆ ಬೆರಿಬೆರಿ ಬಂತು, 25 ಮಂದಿ ಸತ್ತರು. ಹೊನೊಲುಲು ತಲುಪುವ ಹೊತ್ತಿಗೆ ಹಡಗು ನಡೆಸುವುದೇ ಕಷ್ಟವಾಗಿತ್ತು. ಅಲ್ಲಿ ಮಾಂಸ, ತರಕಾರಿಗಳನ್ನು ತುಂಬಿಕೊಂಡು ಊಟ ಬದಲಿಸಿದ ಮೇಲೆ ರೋಗಿಗಳು ಚೇತರಿಸಿಕೊಂಡರು. 1883ರಲ್ಲಿ ಹಡಗು ಮರಳಿದಾಗ ತಕಾಕಿಯವರು ಈ ಪ್ರಯಾಣದ ಪೂರ್ತಿ ದಾಖಲೆಯನ್ನು ಪರಿಶೀಲಿಸಿದರು. ಅಷ್ಟು ಹೊತ್ತಿಗೆ ಅವರು ನೌಕಾ ವೈದ್ಯಕೀಯ ವಿಭಾಗದ ಮುಖ್ಯಸ್ಥರಾಗಿದ್ದರು.

ಅವರ ಬೇಡಿಕೆ ಸರಳ, ಆದರೆ ಬಲು ದುಬಾರಿ. ಮುಂದಿನ ತರಬೇತಿ ಹಡಗು ತ್ಸುಕುಬಾ ಕೂಡ ರ್ಯೂಜೊ ಹೋದ ದಾರಿಯಲ್ಲೇ ಹೋಗಬೇಕು. ಊಟ ಮಾತ್ರ ಬೇರೆಯಾಗಿರಬೇಕು. ಅಕ್ಕಿ ಕಡಿಮೆ ಮಾಡಿ ಬ್ರೆಡ್ಡು, ಮಾಂಸ, ಗಟ್ಟಿ ಹಾಲು, ಕಾಳು, ತರಕಾರಿ ಕೊಡಬೇಕು. ಸಾಫ್ಟ್‌ವೇರಿನಲ್ಲಿ ನಾವು ಒಂದು ದೋಷ ಹುಡುಕುವಾಗ ಎಲ್ಲವನ್ನೂ ಹಾಗೆಯೇ ಬಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡುತ್ತೇವೆ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಹೇಳಲಾಗುವುದಿಲ್ಲ. ನಮಗೆ ಇದು ಅರ್ಧ ಗಂಟೆಯ ಕೆಲಸ. ತಕಾಕಿಯವರಿಗೆ ಮುನ್ನೂರು ಚಿಲ್ಲರೆ ಜನರನ್ನು ಹೊತ್ತ ಯುದ್ಧನೌಕೆಯನ್ನೇ ಶಾಂತಸಾಗರ ಸುತ್ತಿಸಬೇಕಿತ್ತು.

ತ್ಸುಕುಬಾ ಪ್ರಯಾಣಕ್ಕೆ ಮೊದಲೇ ಬೇರೆ ಯೋಜನೆ ಇತ್ತು. ದಾರಿ ಬದಲಿಸಿದರೆ ಖರ್ಚು ಏರುತ್ತದೆ, ಅದಕ್ಕೆ ಖಜಾನೆ ಒಪ್ಪಬೇಕು. ತಕಾಕಿಯವರು ನೌಕಾ ಸಚಿವರ ಬಳಿ ಹೋದರು, ಸರ್ಕಾರದ ಹಿರಿಯರ ಬಳಿ ಹೋದರು. 1883ರ ನವೆಂಬರಿನಲ್ಲಿ ಮೇಜಿ ಚಕ್ರವರ್ತಿಯ ಮುಂದೆಯೇ ನಿಂತು ತಮ್ಮ ಲೆಕ್ಕ ಒಪ್ಪಿಸಿದರು. ಚಕ್ರವರ್ತಿಗೂ ಈ ಕಾಯಿಲೆ ಬಂದಿತ್ತು, ರಾಜಮನೆತನದಲ್ಲಿ ಇದರಿಂದ ಸಾವೂ ಆಗಿತ್ತು. ಕೊನೆಗೆ ಒಪ್ಪಿಗೆ ಸಿಕ್ಕಿತು. ಅದರ ಜೊತೆಗೆ, ಊಟದ ಬಾಬ್ತು ಕಾಸು ಕೊಡುವ ಹಳೆಯ ಪದ್ಧತಿಯನ್ನು ತೆಗೆದು ಪದಾರ್ಥಗಳನ್ನೇ ಕೊಡುವ ನಿಯಮವನ್ನು 1884ರಲ್ಲಿ ತಂದರು. ಆದೇಶದ ಕಾಗದದಲ್ಲಿ ಇದೊಂದು ಸಣ್ಣ ಬದಲಾವಣೆ. ಆದರೆ ನನ್ನ ಅಭಿಪ್ರಾಯದಲ್ಲಿ ತಕಾಕಿಯವರ ಎಲ್ಲ ಕೆಲಸದ ತಿರುಳು ಇಲ್ಲಿದೆ. ಹಣವೇ ಕೈಗೆ ಬರುವವರೆಗೂ ಬಡ ಹುಡುಗ ಅದನ್ನು ಉಳಿಸದೆ ಇರಲಾರ. ಅವನಿಗೆ ಎಷ್ಟು ಬುದ್ಧಿವಾದ ಹೇಳಿದರೂ ಅಷ್ಟೇ. ತಟ್ಟೆಗೆ ಊಟವೇ ಬಂದರೆ ಉಣ್ಣುತ್ತಾನೆ.

1884ರ ಫೆಬ್ರವರಿಯಲ್ಲಿ ತ್ಸುಕುಬಾ ಹೊರಟಿತು. 333 ಜನ, 287 ದಿನ. ಈ ಪ್ರಯೋಗ ಸೋತರೆ ತಕಾಕಿಯವರ ಮಾತಿಗೆ ಮುಂದೆ ಯಾರೂ ಕಿವಿಗೊಡುತ್ತಿರಲಿಲ್ಲ. ಇಂದಿನಂತೆ ಗಳಿಗೆಗೊಂದು ಸುದ್ದಿ ಬರುವ ಕಾಲವೂ ಅಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ರೋಗಿಗಳಿಲ್ಲ, ನಿಶ್ಚಿಂತೆಯಿಂದಿರಿ ಎಂಬ ಅರ್ಥದ ತಂತಿ ಬಂತು. ಲೆಕ್ಕ ಪೂರ್ತಿಯಾದಾಗ ಬೆರಿಬೆರಿ ಬಂದವರು ಹದಿನೈದರ ಆಸುಪಾಸು, ಸತ್ತವರು ಒಬ್ಬರೂ ಇಲ್ಲ. ಕಾಯಿಲೆ ಬಿದ್ದವರನ್ನು ವಿಚಾರಿಸಿದರೆ ಅವರಲ್ಲಿ ಹೆಚ್ಚಿನವರು ಮಾಂಸವನ್ನೋ ಹಾಲನ್ನೋ ಮುಟ್ಟದೆ ಬಿಟ್ಟವರು.

ಬ್ರೆಡ್ಡಿನಿಂದ ಬಾರ್ಲಿಗೆ

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ನಾವಿಕರಿಗೆ ಬ್ರೆಡ್ಡು ರುಚಿಸಲಿಲ್ಲ. ಮುದ್ದೆ ಉಂಡವನಿಗೆ ದಿನವೂ ಬ್ರೆಡ್ಡು ಕೊಟ್ಟರೆ ಅವನ ಮುಖ ಹೇಗಾದೀತೆಂದು ನಾವು ಊಹಿಸಬಹುದು. ಸಮುದ್ರಕ್ಕೆ ಎಸೆದವರೂ ಇದ್ದರು. ಮಾಂಸದ ಖರ್ಚೂ ಹೆಚ್ಚು. ತಕಾಕಿಯವರು ಹಟ ಹಿಡಿಯಲಿಲ್ಲ. ಹಳ್ಳಿಯ ಬಡವರು ತಿನ್ನುವ ಬಾರ್ಲಿಯನ್ನು ಅಕ್ಕಿಯ ಜೊತೆ ಬೆರೆಸಿ ಬೇಯಿಸಿ ಕೊಡುವ ದಾರಿ ಹಿಡಿದರು. ಬಾರ್ಲಿ ಅಗ್ಗ, ಊರಿನದೇ ಧಾನ್ಯ, ಅನ್ನದಂತೆಯೇ ಉಣ್ಣಬಹುದು. 1885ರಿಂದ ನೌಕಾಪಡೆಯಲ್ಲಿ ಬಾರ್ಲಿ ಅನ್ನ ಶುರುವಾಯಿತು.

ಫಲಿತಾಂಶ ಹೀಗಿತ್ತು. 1883ರಲ್ಲಿ 1,236 ಪ್ರಕರಣ, 49 ಸಾವು. 1884ರಲ್ಲಿ 718 ಪ್ರಕರಣ, 8 ಸಾವು. 1885ರಲ್ಲಿ ಪಡೆಯ ಸಂಖ್ಯೆ 6,918ಕ್ಕೆ ಏರಿದ್ದರೂ ಪ್ರಕರಣಗಳು 41, ಸಾವು ಸೊನ್ನೆ. ಮರುವರ್ಷ ಬೆರಳೆಣಿಕೆಯಷ್ಟು. ಮೂರೇ ವರ್ಷದಲ್ಲಿ ಇಡೀ ನೌಕಾಪಡೆಯಿಂದ ಒಂದು ರೋಗ ಹೊರಟುಹೋಯಿತು.

ಮುಂದೆ ಅದೇ ನೌಕಾಪಡೆಯ ಅಡುಗೆಮನೆಗೆ ನಮ್ಮ ದೇಶದ ಒಂದು ನೆರಳೂ ಬಂತು. ಭಾರತದ ಸಾರು ಪಲ್ಯಗಳಿಂದ ಬ್ರಿಟಿಷರು ಕಲಿತ ಕರಿ, ಬ್ರಿಟಿಷ್ ನೌಕಾಪಡೆಯ ಮೂಲಕ ಜಪಾನಿಗೆ ಹೋಯಿತು. ಮಾಂಸ, ತರಕಾರಿ, ಗೋಧಿ ಹಿಟ್ಟು ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಅನ್ನದ ಮೇಲೆ ಸುರಿಯಬಹುದಾದ ಈ ಅಡುಗೆ ಹಡಗಿಗೆ ಚೆನ್ನಾಗಿ ಒಗ್ಗಿತು. 1908ರ ನೌಕಾ ಅಡುಗೆ ಪುಸ್ತಕದಲ್ಲಿ ಕರಿ ಅನ್ನದ ವಿಧಾನವಿದೆ. ಇಂದಿಗೂ ಜಪಾನಿನ ನೌಕಾಪಡೆಯಲ್ಲಿ ಶುಕ್ರವಾರ ಬಂದರೆ ಕರಿ ಅನ್ನ.

ಒಪ್ಪದವರ ವಾದ

ಇಷ್ಟಾದ ಮೇಲೆ ಇಡೀ ದೇಶ ತಕಾಕಿಯವರ ಮಾತು ಕೇಳಿರಬೇಕು ಎಂದು ನಾವು ಭಾವಿಸುತ್ತೇವೆ. ಹಾಗಾಗಲಿಲ್ಲ. ಭೂಸೇನೆಯ ವೈದ್ಯರೂ ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಒಪ್ಪಲಿಲ್ಲ. ಅವರು ಜರ್ಮನಿಯ ಪದ್ಧತಿಯಲ್ಲಿ ಕಲಿತವರು. ಆಗ ಜರ್ಮನಿಯ ವಿಜ್ಞಾನಿಗಳು ಕ್ಷಯ, ಕಾಲರಾಗಳ ರೋಗಾಣುಗಳನ್ನು ಕಂಡುಹಿಡಿದ ಕಾಲ. ಬೆರಿಬೆರಿಗೂ ಒಂದು ರೋಗಾಣು ಇದ್ದೇ ಇರಬೇಕು ಎಂಬುದು ಅವರ ನಂಬಿಕೆ. ಭೂಸೇನೆಯ ವೈದ್ಯ ಮೋರಿ ಓಗಾಯ್ ಈ ಗುಂಪಿನ ಮುಖ್ಯರಲ್ಲೊಬ್ಬರು. ಜಪಾನೀ ಸಾಹಿತ್ಯದಲ್ಲಿ ಅವರದು ಬಹು ದೊಡ್ಡ ಹೆಸರು. ಬುದ್ಧಿಯಲ್ಲಾಗಲಿ ಓದಿನಲ್ಲಾಗಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ.

ಅವರ ಆಕ್ಷೇಪಣೆಗಳು ಪೂರ್ತಿ ಹುರುಳಿಲ್ಲದವೂ ಅಲ್ಲ. ಎರಡು ಹಡಗು ಬೇರೆ ಬೇರೆ ವರ್ಷ ಹೋದವು, ಆ ವರ್ಷ ರೋಗವೇ ತಾನಾಗಿ ಕಡಿಮೆಯಾಗಿರಬಾರದೇಕೆ ಎಂದು ಕೇಳಿದರು. ಊಟದಲ್ಲಿ ಏನಿದೆಯೆಂದು ರೋಗ ಹೋಯಿತು ಎಂದೂ ಕೇಳಿದರು. ತಕಾಕಿಯವರ ಉತ್ತರ ಹೀಗಿತ್ತು: ಊಟದಲ್ಲಿ ಸಾರಜನಕಕ್ಕೂ ಇಂಗಾಲಕ್ಕೂ ಒಂದಕ್ಕೆ ಹದಿನೈದರ ಪ್ರಮಾಣ ಇರಬೇಕು, ಬಿಳಿ ಅನ್ನದ ಊಟದಲ್ಲಿ ಪ್ರೋಟೀನ್ ತೀರ ಕಡಿಮೆಯಾಗಿ ರೋಗ ಬರುತ್ತದೆ. ಈ ಉತ್ತರ ತಪ್ಪು. ಅಕ್ಕಿಯ ತೌಡಿನಲ್ಲಿರುವ, ಬಿಳಿ ಮಾಡುವಾಗ ಹೊರಟುಹೋಗುವ ಒಂದು ಅಂಶ ಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಮಾಂಸ, ಕಾಳು, ಬಾರ್ಲಿಗಳಲ್ಲಿ ಆ ಅಂಶ ಇದ್ದುದರಿಂದ ಅವರ ಮದ್ದು ಫಲಿಸಿತು. ಕಾರಣ ತಪ್ಪಾಗಿ, ಪರಿಹಾರ ಸರಿಯಾಗಿದ್ದ ಅಪರೂಪದ ಪ್ರಸಂಗ ಇದು.

ಕಾರಣ ತಪ್ಪಿದ್ದರಿಂದ ವಿದ್ವಾಂಸರು ಪರಿಹಾರವನ್ನೂ ತಳ್ಳಿಹಾಕಿದರು. ಭೂಸೇನೆಗೆ ಬೇರೆ ತೊಡಕುಗಳೂ ಇದ್ದವು. ಅಕ್ಕಿ ಹೊರುವುದು ಸುಲಭ. ಬಾರ್ಲಿಗೆ ಹುಳ ಬೇಗ ಹಿಡಿಯುತ್ತದೆ, ಬೇಯಲು ಹೊತ್ತು ಬೇಕು. ದೇಶಕ್ಕಾಗಿ ಸಾಯಲು ಹೊರಟ ರೈತನ ಮಗನಿಗೆ ಬಿಳಿ ಅನ್ನವನ್ನೂ ಕೊಡದೆ ಬಡವರ ಬಾರ್ಲಿ ಬಡಿಸುವುದೇ ಎಂಬ ಭಾವನೆಯೂ ಇತ್ತು. ಆ ಮಾತಿನಲ್ಲಿ ಪ್ರೀತಿ ಇತ್ತು ಎಂಬುದೇ ಇಲ್ಲಿಯ ದುರಂತ. ದೇಶದೊಳಗಿನ ಕೆಲವು ಸೇನಾ ಠಾಣೆಗಳು ತಾವಾಗಿಯೇ ಬಾರ್ಲಿ ಬೆರೆಸಿ ರೋಗವನ್ನು ತಗ್ಗಿಸಿದ್ದವು. ಆದರೆ ಯುದ್ಧ ಬಂದಾಗ ರಣರಂಗಕ್ಕೆ ಹೋದದ್ದು ಬಿಳಿ ಅಕ್ಕಿಯೇ. 1894–95ರ ಚೀನಾ ಯುದ್ಧದಲ್ಲಿ ಸುಮಾರು 4,000 ಸೈನಿಕರು ಬೆರಿಬೆರಿಯಿಂದ ಸತ್ತರು. ಕಾಳಗದಲ್ಲಿ ಸತ್ತವರಿಗಿಂತ ಇದು ಹೆಚ್ಚು.

1904: ಒಂದೇ ದೇಶ, ಎರಡು ಊಟ

1904ರ ಫೆಬ್ರವರಿಯಲ್ಲಿ ರಷ್ಯಾ ಮತ್ತು ಜಪಾನಿನ ನಡುವೆ ಯುದ್ಧ ಶುರುವಾಯಿತು. ಒಂದೇ ದೇಶದ ಎರಡು ಪಡೆಗಳು ಎರಡು ಬಗೆಯ ಊಟ ಉಂಡು ಯುದ್ಧಕ್ಕೆ ಹೋದವು. ನೌಕಾಪಡೆಗೆ ಬಾರ್ಲಿ ಬೆರೆತ ಅನ್ನ, ಭೂಸೇನೆಗೆ ಬಿಳಿ ಅನ್ನ.

ಅಡ್ಮಿರಲ್ ಟೋಗೊ ಅವರ ಹಡಗುಗಳು ಪೋರ್ಟ್ ಆರ್ಥರ್ ಬಂದರಿನ ಹೊರಗೆ ತಿಂಗಳುಗಟ್ಟಲೆ ಕಾವಲು ನಿಂತವು. ಬಂದರಿಗೆ ಹೋಗಿ ಊಟ ಬದಲಿಸುವ ಅವಕಾಶವಿಲ್ಲ. ರ್ಯೂಜೊ ಹಡಗಿಗೆ ಒದಗಿದ ಗತಿ ಇಡೀ ಪಡೆಗೆ ಒದಗಲು ಇದಕ್ಕಿಂತ ಅನುಕೂಲ ಸನ್ನಿವೇಶ ಇರಲಿಲ್ಲ. ಆದರೆ ನಾವಿಕರಲ್ಲಿ ಬೆರಿಬೆರಿ ಬಂದವರು ಕೆಲವೇ ಮಂದಿ. 1905ರ ಮೇ 27 ಮತ್ತು 28ರಂದು ತ್ಸುಷಿಮಾ ಜಲಸಂಧಿಯಲ್ಲಿ ರಷ್ಯಾದ ಬಾಲ್ಟಿಕ್ ಪಡೆಯನ್ನು ಅವರು ಎದುರಿಸಿದರು. ಆ ರಷ್ಯನ್ ಪಡೆ ಸುಮಾರು 18,000 ನಾಟಿಕಲ್ ಮೈಲಿ ದೂರದಿಂದ, ಜರ್ಮನ್ ಕಂಪನಿಯ ಹಡಗುಗಳಿಂದ ಕಲ್ಲಿದ್ದಲು ಪಡೆಯುತ್ತ, ಮುಂದಿನ ಕಲ್ಲಿದ್ದಲು ಎಲ್ಲಿ ಸಿಕ್ಕೀತೋ ಎಂಬ ಚಿಂತೆಯಲ್ಲಿ ಡೆಕ್ಕಿನ ಮೇಲೂ ರಾಶಿ ಹಾಕಿಕೊಂಡು ಬಂದಿತ್ತು. ಗೆಲುವಿಗೆ ನಾಯಕತ್ವ, ತರಬೇತಿ, ತೋಪು ಎಲ್ಲವೂ ಕಾರಣ. ಬಾರ್ಲಿಯಿಂದಲೇ ಗೆದ್ದರು ಎಂದರೆ ಅತಿಶಯೋಕ್ತಿಯಾದೀತು. ಆದರೆ ತೋಪಿನ ಬಳಿ ನಿಲ್ಲಬೇಕಾದವನು ನಿಂತಿದ್ದ, ಬಾಯ್ಲರಿಗೆ ಕಲ್ಲಿದ್ದಲು ತುಂಬಬೇಕಾದವನು ತುಂಬುತ್ತಿದ್ದ. ಅಷ್ಟಕ್ಕೆ ಕಾರಣ ಇಪ್ಪತ್ತು ವರ್ಷ ಹಿಂದೆ ಉಗ್ರಾಣದ ಪಟ್ಟಿ ಬದಲಿಸಿದ ವೈದ್ಯರು.

ಭೂಸೇನೆಯಲ್ಲಿ ಅದೇ ಯುದ್ಧದಲ್ಲಿ ಸುಮಾರು 2.5 ಲಕ್ಷ ಜನಕ್ಕೆ ಬೆರಿಬೆರಿ ಬಂತು. 27,000ಕ್ಕೂ ಹೆಚ್ಚು ಮಂದಿ ಸತ್ತರು. 1905ರ ಮಾರ್ಚಿನಲ್ಲಿ ಭೂಸೇನಾ ಸಚಿವರು ಕೊನೆಗೂ ಬಾರ್ಲಿ ಬೆರೆಸಿದ ಅನ್ನಕ್ಕೆ ಆದೇಶ ಕೊಟ್ಟರು. ನೌಕಾಪಡೆಯ ಅಂಕಿಅಂಶಗಳು ಎಲ್ಲರ ಕಣ್ಣ ಮುಂದೆ ಇಪ್ಪತ್ತು ವರ್ಷ ಇದ್ದವು. ಆ 27,000 ಜನರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗರು. ತಮ್ಮ ಊರಿನಲ್ಲೇ ಉಳಿದು ಬಾರ್ಲಿ ತಿಂದಿದ್ದರೆ ಈ ರೋಗ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಕೊನೆಯ ವರ್ಷಗಳು

ಅದೇ 1905ರಲ್ಲಿ ತಕಾಕಿಯವರಿಗೆ ಬ್ಯಾರನ್ ಪದವಿ ಬಂತು. ಜನ ಅವರನ್ನು ಪ್ರೀತಿಯಿಂದಲೂ ಸ್ವಲ್ಪ ತಮಾಷೆಯಿಂದಲೂ ಬಾರ್ಲಿ ಬ್ಯಾರನ್ ಎಂದು ಕರೆದರು. ಮರುವರ್ಷ ತಾವು ಓದಿದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ ಹೋಗಿ ತಮ್ಮ ಅನುಭವ ಕುರಿತು ಉಪನ್ಯಾಸ ಕೊಟ್ಟರು. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಶಾಲೆಗೆ ತೀರಿಸಬಹುದಾದ ಋಣ ಇದಕ್ಕಿಂತ ದೊಡ್ಡದಿರಲಾರದು.

ಅವರ ಇನ್ನೊಂದು ಕೆಲಸವನ್ನೂ ಹೇಳಬೇಕು. 1881ರಲ್ಲಿ ಅವರು ಆರಂಭಿಸಿದ ಸಣ್ಣ ವೈದ್ಯಕೀಯ ಶಾಲೆಯೇ ಇಂದಿನ ಟೋಕಿಯೋದ ಜಿಕೆಯ್ ವೈದ್ಯಕೀಯ ವಿಶ್ವವಿದ್ಯಾನಿಲಯ. ಮರುವರ್ಷ ಬಡವರಿಗೆ ಧರ್ಮಾರ್ಥ ಆಸ್ಪತ್ರೆ ತೆರೆಯಲು ದುಡಿದರು. 1885ರಲ್ಲಿ ಜಪಾನಿನ ಮೊದಲ ದಾದಿಯರ ತರಬೇತಿ ಶಾಲೆ ಆ ಆಸ್ಪತ್ರೆಯಲ್ಲೇ ಶುರುವಾಯಿತು. ವೈದ್ಯನು ಕಾಯಿಲೆಯನ್ನಷ್ಟೇ ನೋಡದೆ ಕಾಯಿಲೆ ಬಿದ್ದ ಮನುಷ್ಯನನ್ನು ನೋಡಬೇಕು ಎಂಬ ಅವರ ಬೋಧನೆಯನ್ನು ಆ ವಿಶ್ವವಿದ್ಯಾನಿಲಯ ಇಂದಿಗೂ ಧ್ಯೇಯವಾಗಿ ಇಟ್ಟುಕೊಂಡಿದೆ.

ತಕಾಕಿಯವರು 1920ರ ಏಪ್ರಿಲಿನಲ್ಲಿ ತೀರಿಕೊಂಡರು. ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಐಕ್‌ಮನ್ ಬಿಳಿ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ಕಾಯಿಲೆ ಬರುವುದನ್ನು 1890ರ ದಶಕದಲ್ಲೇ ಕಂಡಿದ್ದರು. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ವಿಟಮಿನ್ ಎಂಬ ಹೆಸರನ್ನು ಬಳಕೆಗೆ ತಂದರು. ತೌಡಿನಿಂದ ಬಿ1 ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1926ರಲ್ಲಿ. ಐಕ್‌ಮನ್ ಅವರಿಗೆ ನೊಬೆಲ್ ಬಂದದ್ದು 1929ರಲ್ಲಿ. ತಾವು ಏಕೆ ಗೆದ್ದೆವು ಎಂಬುದರ ಪೂರ್ತಿ ವಿವರಣೆ ಸಿಗುವ ಮೊದಲೇ ತಕಾಕಿಯವರು ಹೊರಟುಹೋಗಿದ್ದರು. ಅಂಟಾರ್ಕ್ಟಿಕಾದ ಹಿಮದ ತೀರದಲ್ಲಿ ಸಮುದ್ರಕ್ಕೆ ಚಾಚಿದ ಒಂದು ಭೂಶಿರಕ್ಕೆ ಮುಂದೆ ಅವರ ಹೆಸರಿಟ್ಟರು. ಅದರ ಸುತ್ತಲ ಜಾಗಗಳಿಗೆ ಐಕ್‌ಮನ್, ಫಂಕ್ ಮೊದಲಾದವರ ಹೆಸರುಗಳಿವೆ.

ನಮಗೇನು

ನಮ್ಮ ನಾಡಿನ ರಾಗಿಯನ್ನು ಸಿಪ್ಪೆಸಹಿತ ಬೀಸುತ್ತೇವೆ, ಆದ್ದರಿಂದ ಸತ್ವ ಹಿಟ್ಟಿನಲ್ಲೇ ಉಳಿಯುತ್ತದೆ. ಕರಾವಳಿಯವರ ಕುಚಲಕ್ಕಿಯನ್ನು ಭತ್ತವಿದ್ದಾಗಲೇ ಬೇಯಿಸುವುದರಿಂದ ತೌಡಿನ ಸತ್ವದಲ್ಲಿ ಒಂದು ಪಾಲು ಕಾಳಿನೊಳಗೆ ಇಳಿದಿರುತ್ತದೆ. ನಮ್ಮ ಅಜ್ಜಿಯರು ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲೂ ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಇವರಲ್ಲಿ ಯಾರಿಗೂ ಬಿ1 ಎಂಬ ಹೆಸರು ಗೊತ್ತಿರಲಿಲ್ಲ. ಇಂದು ನಮ್ಮ ಮನೆಗಳಲ್ಲೂ ಅಕ್ಕಿ ಬೆಳ್ಳಗಾದಷ್ಟೂ ಮರ್ಯಾದೆ ಹೆಚ್ಚೆಂಬ ಭಾವನೆ ಬಂದಿದೆ. ಕಾಳು, ಸೊಪ್ಪು, ಮೊಟ್ಟೆ ಜೊತೆಗಿದ್ದರೆ ಭಯವಿಲ್ಲ. ಅನ್ನ ಒಂದೇ ಆದರೆ ಆಗ ತಕಾಕಿಯವರನ್ನು ನೆನೆಯಬೇಕು.

ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಪೂರ್ತಿ ತಿಳಿದ ಮೇಲೆಯೇ ಕೆಲಸ ಮಾಡುತ್ತೇವೆ ಎಂದು ಕುಳಿತ ವಿದ್ವಾಂಸರು ಈ ಕಥೆಯಲ್ಲಿದ್ದಾರೆ. ಪೂರ್ತಿ ತಿಳಿಯದಿದ್ದರೂ ಎಣಿಸಿ, ಬರೆದಿಟ್ಟು, ಒಂದನ್ನು ಬದಲಿಸಿ ನೋಡಿ, ಫಲ ಕಂಡ ಕೂಡಲೇ ಎಲ್ಲರಿಗೂ ಹಂಚಿದ ವೈದ್ಯರೂ ಇದ್ದಾರೆ. ನಿಮ್ಮ ತರಗತಿಯಲ್ಲಿ ಒಂದು ಸಣ್ಣ ಕೆಲಸ ಮಾಡಿ ನೋಡಿ. ಬಿಸಿಯೂಟದ ತಟ್ಟೆಯಲ್ಲಿ ವಾರದ ಯಾವ ದಿನ ಏನು ಬಂತು, ಯಾವುದನ್ನು ಎಷ್ಟು ಮಂದಿ ತಿನ್ನದೆ ಬಿಟ್ಟರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ತಿಂಗಳು ಬರೆದರೆ ಸಾಕು. ಅದನ್ನು ವಿಜ್ಞಾನದ ಮೇಷ್ಟ್ರಿಗೂ ಅಡುಗೆಯ ಅಮ್ಮಂದಿರಿಗೂ ತೋರಿಸಿ. ಮುಂದೆ ಏನು ಬದಲಿಸಬೇಕೆಂಬುದು ಆ ಪುಟಗಳಲ್ಲೇ ಕಾಣಿಸುತ್ತದೆ.